ಕೇಳದೆ ಶುರುವಾಗುವ ಪೆಟ್ಟಿಗೆಗಳು

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಫಾವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಅದರ ಜಾಗದಲ್ಲಿ ಹನ್ನೆರಡು ಹಳೇ ಕಂಪ್ಯೂಟರ್ ಪೆಟ್ಟಿಗೆಗಳು ಎರಡು ಸಾಲಾಗಿ ಕೂತಿದ್ದವು. ನಡುವೆ ನೀಲಿ ಕೇಬಲ್ಲುಗಳು ಹೇಗೆ ಬಿದ್ದವೋ ಹಾಗೆ ಬಿದ್ದಿದ್ದವು. ಕಿಟಕಿ ಪಕ್ಕದ ಕುರ್ಚಿಯನ್ನು ಮಾತ್ರ ಅತ್ತೆ ಬಿಟ್ಟುಕೊಡಲಿಲ್ಲ.

"ಕಾಲು ಎತ್ತಿ ಬೇಕಾದ್ರೆ ಕೂರ್ತೀನಿ, ಏಳಲ್ಲ. ನಿನ್ನ ಪೆಟ್ಟಿಗೆಗಿಂತ ಮುಂಚೆ ಈ ಮನೆಗೆ ಬಂದವಳು ನಾನು" ಎಂದರು.

ನಾನು ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಸಹಾಯಕಿ. ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆಯುವುದು, ಹಾಜರಿ ಪುಸ್ತಕ ಇಡುವುದು, ಸಂಜೆ ಒಂದೊಂದು ಯಂತ್ರಕ್ಕೂ ಬಟ್ಟೆಯ ಮುಸುಕು ಹಾಕುವುದು, ಒಂಬತ್ತು ವರ್ಷದಿಂದ ಇದೇ ನನ್ನ ಕೆಲಸ. ಕಲಿಯಲು ಬರುವ ಹುಡುಗಿಯರು ನನ್ನನ್ನು ಕವರ್ ಆಂಟಿ ಎನ್ನುತ್ತಾರೆ. ಮುಸುಕು ಹಾಕುವ ನೆಪದಲ್ಲಿ ಮೇಷ್ಟ್ರ ಬೆನ್ನ ಹಿಂದೆ ನಿಂತು ನೋಡಿ ನಾನು ಏನೇನು ಕಲಿತೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನನಗೂ ಅಷ್ಟಾಗಿ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಮೇಷ್ಟ್ರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಅವರು ಹೋದ ಮೇಲೆ ಕಂಪ್ಯೂಟರುಗಳೂ ಮುನಿಸಿಕೊಂಡವು. ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಹುಡುಗಿಯರು ಜಡೆ ಬಿಚ್ಚಿ ಮತ್ತೆ ಹಾಕಿಕೊಳ್ಳಬಹುದಿತ್ತು.

ಗುರುವಾರದ ಸಭೆಯಲ್ಲಿ ಕಾರ್ಯದರ್ಶಿ ಮೇಡಂ ಕೇಳಿದರು: "ಸೋಮವಾರ ಹೊಸ ತಂಡ ಬರುತ್ತೆ. ಕಂಪ್ಯೂಟರುಗಳಲ್ಲಿರೋ ಹಳೇ ಆಪರೇಟಿಂಗ್ ಸಿಸ್ಟಮ್ ಅಳಿಸಿ ಹೊಸದು ಹಾಕಬೇಕು. ಯಾರು ಮಾಡ್ತಾರೆ? ಹೊರಗಿನ ಕಂಪನಿಯವರಿಗೆ ಕೋಣೆ ವಹಿಸಿಬಿಡೋಣ್ವಾ?"

ಯಾರೂ ಮಾತಾಡಲಿಲ್ಲ. ಯಾರೂ ಮಾತಾಡದಿರುವ ಕಡೆ ನನಗೆ ಮೈಯೆಲ್ಲ ಕಡಿಯತೊಡಗುತ್ತದೆ. "ನಾನು ಮಾಡ್ತೀನಿ ಮೇಡಂ" ಎಂದುಬಿಟ್ಟೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸೋಮವಾರ ಹತ್ತು ಗಂಟೆಗೆ ನಡೀತಿದ್ರೆ ಕೋಣೆ ನಿಮ್ಮ ಉಸ್ತುವಾರಿಗೆ. ಇಲ್ಲಾಂದ್ರೆ ಕಂಪನಿಯವರು. ಅವರು ಬಂದ್ರೆ ಸಹಾಯಕಿ ಬೇಕಾಗಲ್ಲ, ಅದೂ ಗೊತ್ತಿರಲಿ."

ಪೆನ್ ಡ್ರೈವ್ ಚುಚ್ಚಿ ಒಂದೊಂದಕ್ಕೇ ಹಾಕಿದರೆ ಆಯಿತು ಎಂದು ಯಾರಾದರೂ ಹೇಳುತ್ತಾರೆ. ಆದರೆ ಹುಡುಗಿಯರು ಪೆನ್ ಡ್ರೈವಿನಲ್ಲಿ ವೈರಸ್ ತರುತ್ತಾರೆಂದು ಮೇಷ್ಟ್ರು ಐದು ವರ್ಷದ ಹಿಂದೆ ಹನ್ನೆರಡೂ ಪೆಟ್ಟಿಗೆಗಳ ಯುಎಸ್‌ಬಿ ತೂತುಗಳಿಗೆ ಬಿಸಿ ಅಂಟು ಸುರಿದು ಮುಚ್ಚಿಬಿಟ್ಟಿದ್ದರು. ಪಕ್ಕದಲ್ಲಿ ಅಂಟಿನ ಕಡ್ಡಿ ಹಿಡಿದು ನಿಂತವಳು ನಾನೇ. ಸಿ.ಡಿ. ಹಾಕುವ ಬಾಯಿಗಳು ಯಾವಾಗಲೋ ಕೆಟ್ಟಿದ್ದವು. ಕೀಬೋರ್ಡು ಹಳೇ ಕಾಲದ ದುಂಡು ಪಿನ್ನಿನದು, ಅದೊಂದು ಬದುಕಿತ್ತು. ಉಳಿದಿದ್ದ ದಾರಿ ನೆಟ್‌ವರ್ಕ್ ಕೇಬಲ್ಲಿನದು.

ಕೇಬಲ್ ಮೂಲಕ ಹಾಕುವುದು ಹೀಗೆ. ಪೆಟ್ಟಿಗೆ ಎದ್ದ ಕೂಡಲೇ ತನ್ನೊಳಗಿನ ಡಿಸ್ಕಿನ ಕಡೆ ನೋಡದೆ ಕೇಬಲ್ಲಿನೊಳಗೆ ಬಾಯಿ ಹಾಕಿ, ನನ್ನ ವಿಳಾಸ ಏನು, ನಾನೇನು ಮಾಡಲಿ, ಎಂದು ಕೂಗುತ್ತದೆ. ಅದನ್ನು ಕೇಳಿಸಿಕೊಳ್ಳಲು ಕಾದು ಕೂತಿರುವ ಇನ್ನೊಂದು ಕಂಪ್ಯೂಟರು, ಅಂದರೆ ಸರ್ವರು, ವಿಳಾಸ ಕೊಡುತ್ತದೆ, ಪಟ್ಟಿ ತೋರಿಸುತ್ತದೆ, ಪಟ್ಟಿಯಲ್ಲಿ ಆರಿಸಿದ್ದನ್ನು ಕಳಿಸಿಕೊಡುತ್ತದೆ. ಶುಕ್ರವಾರ ಕೇಂದ್ರದಲ್ಲೇ ಹನ್ನೆರಡನ್ನೂ ಮೊದಲು ಕೇಬಲ್ ನೋಡುವಂತೆ ಬದಲಾಯಿಸಿದೆ. ಶನಿವಾರ, ಭಾನುವಾರ ಕೇಂದ್ರಕ್ಕೆ ಬೀಗ. ಆದ್ದರಿಂದ ಪೆಟ್ಟಿಗೆಗಳನ್ನೆಲ್ಲ ಮನೆಗೆ ತಂದೆ. ಒಂದೇ ಒಂದು ಮಾನಿಟರ್, ಒಂದು ಕೀಬೋರ್ಡ್ ತಂದೆ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತ ನನ್ನ ಹಳೇ ಲ್ಯಾಪ್‌ಟಾಪೇ ಸರ್ವರ್.

ಶನಿವಾರ ಅರ್ಧ ದಿನ ಏನು ಮಾಡಿದರೂ ಆಗಲಿಲ್ಲ. ಪೆಟ್ಟಿಗೆ ಕೂಗಿದಾಗ ನನ್ನ ಲ್ಯಾಪ್‌ಟಾಪೂ ವಿಳಾಸ ಕೊಡುತ್ತಿತ್ತು, ಮನೆಯ ಇಂಟರ್‌ನೆಟ್ಟಿನ ಡಬ್ಬಿಯೂ ಕೊಡುತ್ತಿತ್ತು. ಪೆಟ್ಟಿಗೆ ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಇದನ್ನು ಅತ್ತೆಗೆ ವಿವರಿಸಿದೆ.

"ಒಂದೇ ಮನೇಲಿ ಹೇಳೋರು ಇಬ್ಬರಿದ್ರೆ ಇನ್ನೇನಾಗುತ್ತೆ? ನಮ್ಮ ಅಡುಗೆಮನೇಲಿ ನೋಡಿಲ್ವಾ?" ಎಂದು ನಕ್ಕರು. ನಾನು ಆ ಡಬ್ಬಿಯ ಕೇಬಲ್ ಕಿತ್ತುಹಾಕಿದೆ. ಸರಿಹೋಯಿತು.

ಪಟ್ಟಿಯಲ್ಲಿ ಎರಡೇ ಸಾಲು ಬರೆದಿದ್ದೆ. ಒಂದು, ಹೊಸದಾಗಿ ಹಾಕು. ಎರಡು, ನಿನ್ನ ಡಿಸ್ಕಿನಿಂದಲೇ ಏಳು. ಯಾರೂ ಏನನ್ನೂ ಆರಿಸದಿದ್ದರೆ ಯಾವ ಸಾಲು ಹಿಡಿಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ನಾವೇ ಬರೆದಿಡಬೇಕು. ಹನ್ನೆರಡು ಸಲ ಮಾನಿಟರ್ ಕಿತ್ತು ಚುಚ್ಚಿ, ಕೀಬೋರ್ಡ್ ಕಿತ್ತು ಚುಚ್ಚಿ, ಎಂಟರ್ ಒತ್ತುತ್ತ ಕೂರುವ ತಾಳ್ಮೆ ನನಗೆಲ್ಲಿ? 'ಹೊಸದಾಗಿ ಹಾಕು, ಐದು ಸೆಕೆಂಡು' ಎಂದು ಬರೆದೆ. ಹಾಲು ಕಾಯುವಾಗ ಒಲೆ ಮುಂದೆ ನಿಲ್ಲಲಾಗದೆ ಮೂರು ಕೆಲಸ ಮಾಡಿ ಬರುವವಳು ನಾನು. ಶನಿವಾರ ಸಂಜೆ ಒಂದು ಪೆಟ್ಟಿಗೆಗೆ ಹಾಕಿ ನೋಡಿದೆ. 'ಮುಗಿಯಿತು, ಯಂತ್ರ ಮತ್ತೆ ಶುರುವಾಗಲಿದೆ' ಎಂದು ತೋರಿಸಿತು. ಅಷ್ಟು ಸಾಕಾಯಿತು ನನಗೆ. ಮತ್ತೆ ಶುರುವಾಗುವವರೆಗೂ ಕಾಯದೆ ಗುಂಡಿ ಒತ್ತಿ ಪೆಟ್ಟಿಗೆ ನಿಲ್ಲಿಸಿ, ಒಳಗೆ ಹೋಗಿ ಇವರಿಗೆ ಹೇಳಿದೆ: "ಆಯ್ತು ರೀ! ನಾಳೆ ಮಧ್ಯಾಹ್ನದೊಳಗೆ ಹನ್ನೆರಡೂ ಮುಗೀತವೆ."

"ಇಂಜಿನ್ ಒಂದು ಸಲ ಗುರ್ ಅಂದ ಮಾತ್ರಕ್ಕೆ ಗಾಡಿ ಓಡುತ್ತೆ ಅಂತಲ್ಲ" ಎಂದರು ಇವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಮಾತನ್ನು ಯಾವಾಗಲೂ ನನ್ನ ಸಂತೋಷದ ಸಮಯ ನೋಡಿಯೇ ಆಡುತ್ತಾರೆ.

ಭಾನುವಾರ ಎಂಟಕ್ಕೆ ಮೊದಲ ಆರು ಪೆಟ್ಟಿಗೆಗಳಿಗೆ ಸ್ವಿಚ್ ಹಾಕಿದೆ. ಮನೆಯ ವಯರಿಂಗು ಅದಕ್ಕಿಂತ ಹೆಚ್ಚು ತಡೆಯದು. ಒಂದು ಸುತ್ತಿಗೆ ಒಂದೂಕಾಲು ಗಂಟೆ ಎಂದು ಲೆಕ್ಕ ಹಾಕಿದ್ದೆ. ಆಗಲೇ ಫೋನ್ ಬಂತು. ಇವರ ತಂಗಿ, ನನ್ನ ನಾದಿನಿ.

"ಅತ್ತಿಗೆ, ಮಧ್ಯಾಹ್ನ ಊಟಕ್ಕೆ ಬರ್ತೀನಿ. ಒಂಚೂರು ಮಾತಾಡೋದಿದೆ."

ಏನು ಮಾತು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅವಳ ಮಗಳಿಗೆ ಬೇರೆ ಊರಿನಲ್ಲಿ ಮಗುವಾಗಿ ಒಂಬತ್ತು ದಿನ. ಆಪರೇಷನ್ ಆಗಿತ್ತು. ಬಾಣಂತಿಯನ್ನೂ ಮಗುವನ್ನೂ ಎರಡು ತಿಂಗಳು ಯಾರಾದರೂ ನೋಡಿಕೊಳ್ಳಬೇಕು. ಈ ಕುಟುಂಬದಲ್ಲಿ 'ಯಾರಾದರೂ' ಅಂದರೆ ನಾನು. ಮಾವನವರ ಸೊಂಟ ಮುರಿದಾಗ ನಾನು. ನಾದಿನಿಗೆ ಪಿತ್ತಕೋಶದ ಕಲ್ಲು ತೆಗೆದಾಗ ನಾನು. ಇವರ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಹದಿನೇಳು ದಿನ ಮಲಗಿದ್ದಾಗಲೂ ಬೆಂಚಿನ ಮೇಲೆ ಕೂತವಳು ನಾನು. ಯಾರೂ ನನ್ನನ್ನು ಹೋಗು ಎಂದು ತಳ್ಳಿದ್ದಿಲ್ಲ. ಎಲ್ಲರೂ ಸುತ್ತ ಕೂತು, ಯಾರು ಹೋಗೋದು ಎಂದು ನಿಟ್ಟುಸಿರು ಬಿಟ್ಟು, ತಟ್ಟೆ ನೋಡುತ್ತಾರೆ. ಅಷ್ಟಾದರೆ ಸಾಕು. ನನ್ನ ಬಾಯಿ ತಾನಾಗಿ ಬಿಟ್ಟುಕೊಳ್ಳುತ್ತದೆ.

ಈ ಸಲ ಹೋದರೆ ಕೋಣೆ ಹೋಗುತ್ತದೆ, ಕೆಲಸವೂ ಹೋಗುತ್ತದೆ. ನಲವತ್ತೆಂಟನೇ ವಯಸ್ಸಿನಲ್ಲಿ ಇನ್ನೊಬ್ಬರು ಕರೆದು ಕೊಡುವ ಕೆಲಸ ಯಾವುದಿದೆ?

ಒಂಬತ್ತೂ ಹತ್ತಕ್ಕೆ ಮೂಲೆಯ ಪೆಟ್ಟಿಗೆಗೆ ಮಾನಿಟರ್ ಚುಚ್ಚಿ ನೋಡಿದೆ. ನೂರಕ್ಕೆ ತೊಂಬತ್ತು ಆಗಿತ್ತು. ಸಮಾಧಾನವಾಗಿ ಅಡುಗೆಮನೆಗೆ ಹೋಗಿ ಬೀನ್ಸ್ ಹೆಚ್ಚಿದೆ. ಒಂಬತ್ತೂ ಮುಕ್ಕಾಲಿಗೆ ಬಂದು ನೋಡಿದರೆ ಮೂವತ್ತು. ಬೇರೆ ಪೆಟ್ಟಿಗೆಗೆ ಚುಚ್ಚಿಬಿಟ್ಟೆನೇನೋ ಎಂದುಕೊಂಡೆ. ಹಿಂಬದಿಗೆ ಅಂಟಿಸಿದ ಚೀಟಿ ನೋಡಿದೆ, ಒಂದನೇ ನಂಬರು, ಅದೇ. ಎದ್ದೆ, ಕೂತೆ. ಸೊಪ್ಪು ತೊಳೆದೆ. ತೊಳೆದ ಸೊಪ್ಪನ್ನೇ ಮತ್ತೊಮ್ಮೆ ತೊಳೆದೆ. ಹತ್ತೂಕಾಲಿಗೆ ಬಂದು ನೋಡಿದರೆ ಎಂಬತ್ತು. ಹತ್ತೂ ಮುಕ್ಕಾಲಿಗೆ ಇಪ್ಪತ್ತು.

"ರೀ, ಇದು ಹಿಂದಕ್ಕೆ ಹೋಗ್ತಿದೆ!"

"ಆರಕ್ಕೂ ಒಂದೇ ಕೈಯಲ್ಲಿ ಬಡಿಸ್ತಿದ್ದೀಯ, ನಿಧಾನ ಆಗುತ್ತೆ" ಎಂದರು ಪೇಪರಿನ ಹಿಂದಿನಿಂದ.

"ನಿಧಾನ ಬೇರೆ, ಹಿಂದಕ್ಕೆ ಹೋಗೋದು ಬೇರೆ!"

ಕೇಬಲ್ ಒತ್ತಿ ನೋಡಿದೆ. ಲ್ಯಾಪ್‌ಟಾಪು ಬಿಸಿಯಾಗಿದೆಯೆಂದು ಅದರ ಕೆಳಗೆ ಎರಡು ಚಮಚ ಇಟ್ಟು ಎತ್ತರಿಸಿದೆ. ಅತ್ತೆಯ ಕುರ್ಚಿಯಡಿಯ ಕೇಬಲ್ ಅವರ ಕಾಲಿಗೆ ಸಿಕ್ಕಿತ್ತು.

"ಅತ್ತೆ, ನೀವೇನಾದ್ರೂ ಸ್ವಿಚ್ ಆರಿಸಿದ್ರಾ?" ಧ್ವನಿ ಗಡುಸಾಯಿತು.

"ನೋಡೇ, ನನಗೆ ಕಣ್ಣು ಮಂಜು, ತಲೆ ಮಂಜಲ್ಲ." ಅವರಿಗೆ ಕೋಪ ಬಂದಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ತಿರುಗದೆಯೇ ಹೇಳಿದರು: "ಸ್ವಿಚ್ ಹಾಕಿದಾಗ ಕೀಂ ಅಂತಲ್ಲ ಈ ಮೂಲೇದು, ಅದು ಬೆಳಗ್ಗಿಂದ ಮೂರು ಸಲ ಕೀಂ ಅಂದಿದೆ. ನಿನ್ನನ್ನ ಕೇಳಿದ್ರೆ ಎಲ್ಲಿ ಬೈತೀಯೋ ಅಂತ ಸುಮ್ಮನಿದ್ದೆ."

ಕೀಂ ಎನ್ನುವುದು ಪೆಟ್ಟಿಗೆ ಹೊಸದಾಗಿ ಏಳುವಾಗ. ಮೂರು ಸಲ ಎದ್ದಿದೆ. ಅಲ್ಲೇ ಕೇಬಲ್ಲುಗಳ ಮೇಲೆ ಕೂತುಬಿಟ್ಟೆ. ಕೆಲಸ ಮುಗಿಸಿ ಎದ್ದ ಪೆಟ್ಟಿಗೆ ಮತ್ತೆ ಮೊದಲು ಕೇಬಲ್ಲನ್ನೇ ಕೇಳಿದೆ, ನಾನೇನು ಮಾಡಲಿ, ಎಂದು. ನನ್ನ ಪಟ್ಟಿ ಐದು ಸೆಕೆಂಡು ಕಾದು, ಯಾರೂ ಬೇಡ ಅನ್ನದ್ದರಿಂದ, ಹೊಸದಾಗಿ ಹಾಕು ಎಂದಿದೆ. ಪಾಪದ್ದು ಮುಗಿಸಿದ್ದನ್ನೆಲ್ಲ ಅಳಿಸಿ ಮತ್ತೆ ಅದನ್ನೇ ಶುರುಮಾಡಿದೆ. ಆರಕ್ಕೆ ಆರೂ. ನಿನ್ನೆ ಅರ್ಧ ನಿಮಿಷ ಕಾದಿದ್ದರೆ ಕಣ್ಣೆದುರಿಗೇ ಕಾಣುತ್ತಿತ್ತು.

ವಿಷಯ ಕೇಳಿ ಇವರು ಪೇಪರ್ ಕೆಳಗಿಟ್ಟರು. "ಥೇಟ್ ಪಾತ್ರೆ ತೊಳೆದ ಹಾಗಾಯ್ತಲ್ಲ."

"ಆ ಮಾತು ತೊಳೆಯೋರು ಹೇಳಬೇಕು, ತುಂಬಿಸೋರಲ್ಲ" ಎಂದೆ. ಅತ್ತೆ ಮುನಿಸು ಮರೆತು ಗೊಳ್ಳೆಂದು ನಕ್ಕರು. ಅವರ ಕೈ ಹಿಡಿದು, "ತಪ್ಪಾಯ್ತು ಅತ್ತೆ" ಎಂದೆ.

"ಇರಲಿ ಬಿಡು. ಈಗ ಸರಿಮಾಡು."

ಸರಿಮಾಡಲು ಬೇಕಾದದ್ದು ಒಂದು ಸಾಲು. ಯಾರೂ ಏನೂ ಹೇಳದಿದ್ದರೆ ನಿನ್ನ ಡಿಸ್ಕಿನಿಂದಲೇ ಏಳು. ಹೊಸದಾಗಿ ಹಾಕಬೇಕಾದರೆ ಯಾರಾದರೂ ಎದುರಿಗೆ ನಿಂತು ಆರಿಸಬೇಕು. ಕಾಯುವುದು ಇಪ್ಪತ್ತು ಸೆಕೆಂಡು. ಬರೆದು ಉಳಿಸಿದೆ. ಈಗ ನಡೆಯುತ್ತಿರುವ ಮೂರನೇ ಸುತ್ತನ್ನು ನಿಲ್ಲಿಸುವುದು ಬೇಡ. ಅದು ಮುಗಿದು ಎದ್ದಾಗ ತಾನಾಗಿ ದಾರಿಗೆ ಬರಬೇಕು. ಬರುತ್ತದೋ ಇಲ್ಲವೋ, ಹನ್ನೆರಡು ಗಂಟೆಯ ಹೊತ್ತಿಗೆ ಗೊತ್ತಾಗುತ್ತದೆ.

ನಾದಿನಿ ಹನ್ನೊಂದೂವರೆಗೆ ಬಂದಳು. ವಿಮಾ ಕಚೇರಿಯಲ್ಲಿ ಕೆಲಸ, ನಡೆಯುವಾಗಲೂ ಹಿಂದೆ ಯಾರೋ ಫೈಲು ಹಿಡಿದು ಬರುತ್ತಿದ್ದಾರೆ ಅನ್ನುವ ಹಾಗೆ ನಡೆಯುತ್ತಾಳೆ. ಕೇಬಲ್ಲುಗಳನ್ನು ದಾಟುತ್ತ, "ಇದೇನು ಅತ್ತಿಗೆ, ಗುಜರಿ ಅಂಗಡಿ ಇಟ್ಟಿದ್ದೀರಾ?" ಎಂದಳು.

"ನಿಮ್ಮ ಅತ್ತಿಗೆ ಉಸ್ತುವಾರಿ ಆಗ್ತಾಳೆ" ಎಂದರು ಅತ್ತೆ.

"ಹೌದಾ? ಒಳ್ಳೇದು" ಎಂದು ಕೈ ತೊಳೆಯಲು ಹೋದಳು. ಏನಕ್ಕೆ ಉಸ್ತುವಾರಿ ಎಂದು ಕೇಳಲಿಲ್ಲ.

ಬೇಗನೇ ಊಟಕ್ಕೆ ಕೂತೆವು. ಮಗುವಿನ ತೂಕ, ಮಗುವಿನ ಮೂಗು, ಅಳಿಯನ ಮೂಗು, ಎಲ್ಲ ಮುಗಿದ ಮೇಲೆ ಅವಳು ತಟ್ಟೆಯ ಅಂಚನ್ನು ಒರೆಸುತ್ತ ಹೇಳಿದಳು: "ಅಳಿಯಂಗೆ ರಜೆ ಮುಗೀತು. ನನಗೆ ಕಚೇರೀಲಿ ವರ್ಷದ ಕೊನೆ, ತಲೆ ಎತ್ತೋ ಹಾಗಿಲ್ಲ. ಹುಡುಗಿ ಏಳೋಕೂ ಆಗ್ತಿಲ್ಲ ಅಂತ ಅಳ್ತಾಳೆ. ಎರಡು ತಿಂಗಳ ಮಾತು. ಯಾರು ಹೋಗೋದೋ ಗೊತ್ತಾಗ್ತಿಲ್ಲ."

ಇವರು ತಟ್ಟೆ ನೋಡಿದರು. ಅತ್ತೆ ಲೋಟ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ.

ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ನೋವಾದಾಗ ಅವಳು ಕೆಳತುಟಿ ಒಳಗೆಳೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಕರುಣೆಯೇ ಹುಟ್ಟದಿದ್ದರೆ ಎಷ್ಟು ಸುಲಭವಾಗಿತ್ತು! ಬಾಯಲ್ಲಿ ನೀರೂರುವ ಹಾಗೆ ಮಾತೂರಿತು. 'ನಾನೇ ಹೋಗ್ತೀನಿ ಬಿಡು.' ನಾಲಗೆಯನ್ನು ಹಲ್ಲಿನಡಿ ಹಿಡಿದುಕೊಂಡೆ. ಮೇಜಿನ ಕೆಳಗೆ ನನ್ನ ಕಾಲು ಕುಣಿಯುತ್ತಿತ್ತು.

ಮುಂದಿನ ಕೋಣೆಯಿಂದ ಕೀಂ ಎಂದಿತು. ಇನ್ನೊಂದು ಕೀಂ. ಹಿಂದೆಯೇ ಮೂರನೆಯದು.

"ಬಂದೆ" ಎಂದು ಎಂಜಲು ಕೈಯಲ್ಲೇ ಓಡಿದೆ.

ಒಂದನೇ ನಂಬರಿನ ಪರದೆಯಲ್ಲಿ ಪಟ್ಟಿ ಬಂತು. ಇಪ್ಪತ್ತು ಸೆಕೆಂಡು ಒಂದೊಂದಾಗಿ ಇಳಿಯಿತು. ಪರದೆ ಕಪ್ಪಾಯಿತು. ಹೊಸ ಸಿಸ್ಟಮ್ಮಿನ ನೀಲಿ ಬಾಗಿಲು ತೆರೆದು, ಹೆಸರು ಕೇಳಿತು. ಆರರಲ್ಲೂ ಹಾಗೇ. ಅವನ್ನು ಕಳಚಿ ಉಳಿದ ಆರನ್ನು ಜೋಡಿಸಿ, ಈ ಸಲ ಒಂದೊಂದರ ಎದುರಿಗೂ ಕೂತು ನಾನೇ ಆರಿಸಿ ಎಂಟರ್ ಒತ್ತಿದೆ. ಅದರಲ್ಲಿ ಅರ್ಧ ಗಂಟೆ ಹೋಯಿತು. ಬೇಕೆಂದೇ ಹೋಗಲು ಬಿಟ್ಟೆ ಎಂದರೂ ಸರಿಯೇ.

ಒಳಗೆ ಬಂದಾಗ ನಾದಿನಿ ಹೊರಟು ನಿಂತಿದ್ದಳು. "ನಿಮ್ಮ ಕೆಲಸ ಮಾಡ್ಕೊಳ್ಳಿ ಅತ್ತಿಗೆ. ಉಳಿದದ್ದು ನಾನು ನೋಡ್ಕೋತೀನಿ" ಎಂದು ನನ್ನ ಭುಜ ತಟ್ಟಿದಳು. ನನಗೆ ಹೂವಿನ ಹಾಗೆ ಹಗುರಾಯಿತು. ಹುಡುಗಿಗೊಂದು ವ್ಯವಸ್ಥೆ ಅವಳೇ ಮಾಡುತ್ತಾಳೆ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹೂಂ ಅನ್ನದೆ ಎದ್ದು ಬಂದಿದ್ದೆ, ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಎರಡನೇ ಆರರಲ್ಲಿ ನಾಲ್ಕು ಮುಗಿದವು. ಎರಡರ ಡಿಸ್ಕುಗಳು ಟಿಕ್ ಟಿಕ್ ಎಂದು ಸದ್ದು ಮಾಡಿ ಸತ್ತೇ ಹೋದವು. ಹತ್ತು ಪೆಟ್ಟಿಗೆ. ಹನ್ನೆರಡಲ್ಲ. ಸಂಜೆಯವರೆಗೂ ಆ ಎರಡರ ಸುತ್ತ ಸುತ್ತಿದೆ. "ಮುರಿದ ಗೇರು ಕೈ ಸವರಿದ್ರೆ ಕೂಡ್ಕೊಳ್ಳಲ್ಲ, ಬಾ" ಎಂದು ಇವರು ಎಬ್ಬಿಸಿದರು.

ಸೋಮವಾರ ಒಂಬತ್ತಕ್ಕೆಲ್ಲ ಪೆಟ್ಟಿಗೆಗಳು ಕೇಂದ್ರದಲ್ಲಿ ತಮ್ಮ ತಮ್ಮ ಮೇಜಿನ ಮೇಲಿದ್ದವು. ಹತ್ತಕ್ಕೆ ಹೊಸ ತಂಡದ ಹುಡುಗಿಯರು ಬಂದು ಕೂತರು. ಹತ್ತು ಪರದೆ ಬೆಳಗಿದವು. ಎರಡರ ಮೇಲೆ ಮುಸುಕು ಹಾಗೇ ಇತ್ತು. ಕಾರ್ಯದರ್ಶಿ ಮೇಡಂ ಬಾಗಿಲಲ್ಲೇ ನಿಂತು ಎಣಿಸಿದರು.

"ಆ ಎರಡು?"

"ಡಿಸ್ಕ್ ಹೋಗಿದೆ ಮೇಡಂ. ಹೊಸದು ಕೊಡಿಸಿದ್ರೆ ಒಂದೇ ದಿನದಲ್ಲಿ ಮಾಡ್ತೀನಿ."

"ಹೂಂ." ಅವರು ನನ್ನನ್ನು ಹೊರಗಿನ ಪಡಸಾಲೆಗೆ ಕರೆದರು. "ಇಷ್ಟೆಲ್ಲ ಯಾಕೆ ಮಾಡಿದ್ರಿ ಅಂತ ನನಗೆ ಅರ್ಥ ಆಗ್ತಿಲ್ಲ. ಎರಡು ತಿಂಗಳು ರಜೆ ಬೇಕು ಅಂದ್ರಲ್ಲ?"

"ಯಾರು ಅಂದ್ರು?"

"ನಿಮ್ಮ ನಾದಿನಿಯಂತೆ. ಬೆಳಗ್ಗೆ ಕೇಂದ್ರಕ್ಕೆ ಫೋನ್ ಮಾಡಿದ್ರು. ಮನೇಲಿ ಮಾತಾಡಿ ಆಗಿದೆ, ಅತ್ತಿಗೆ ಬೇಡ ಅನ್ನಲಿಲ್ಲ, ನಾಳೆಯಿಂದ್ಲೇ ಹೊರಡ್ತಾರೆ ಅಂದ್ರು. ಕಂಪನಿಯವರಿಗೆ ಹನ್ನೊಂದಕ್ಕೆ ಬರೋಕೆ ಹೇಳಿದ್ದೀನಿ."

ಬೈಯಲು ಬಾಯಿ ತೆರೆದೆ, ಆದರೆ ಬೈಯಲು ಏನೂ ಸಿಗಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ನಾನು ಬೇಡ ಅನ್ನಲಿಲ್ಲ, ನಿಜ. ನಾನು ಏನೂ ಅನ್ನದಿದ್ದರೆ ಆಯಿತು ಎಂದೇ ಅರ್ಥ, ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪಾಠ ಹೇಳಿಕೊಟ್ಟವಳು ನಾನೇ, ಇಪ್ಪತ್ತನಾಲ್ಕು ವರ್ಷ, ಒಂದು ದಿನವೂ ತಪ್ಪಿಸದೆ.

ಮೇಡಂ ಎದುರಿಗೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅತ್ತಿಗೆ, ನಾನೇ ಮಾಡೋಳಿದ್ದೆ! ಟಿಕೆಟ್ ನೋಡ್ತಿದ್ದೀನಿ. ಬೆಳಗ್ಗೆ ಬಸ್ಸಾ, ಮಧ್ಯಾಹ್ನದ್ದಾ?"

"ಯಾವುದೂ ಬೇಡ. ನಾನು ಬರಲ್ಲ."

ಅವಳ ಕಚೇರಿಯಲ್ಲಿ ಯಾರೋ ನಗುವುದು ಕೇಳಿಸಿತು. ಗಂಟಲಲ್ಲಿ ಮಾತುಗಳು ಸಾಲುಗಟ್ಟಿದವು: ಹದಿನೈದು ದಿನ ಬೇಕಾದ್ರೆ, ಶನಿವಾರ ಬೇಕಾದ್ರೆ, ಮುಂದಿನ ತಿಂಗಳು ಬೇಕಾದ್ರೆ. ಒಂದನ್ನೂ ಹೊರಗೆ ಬಿಡಲಿಲ್ಲ.

"ಮತ್ತೆ ಯಾರು ಹೋಗ್ತಾರೆ ಅತ್ತಿಗೆ?" ಅವಳ ಧ್ವನಿ ಒಡೆದಿತ್ತು. ನಾಟಕವಲ್ಲ, ನಿಜವಾಗಿಯೂ ದಿಕ್ಕು ತೋಚದ ಧ್ವನಿ.

"ನನಗೂ ಗೊತ್ತಿಲ್ಲಮ್ಮ. ಕೂತು ಯೋಚನೆ ಮಾಡೋಣ, ಎಲ್ಲರೂ. ನಿಮ್ಮ ಅಣ್ಣನೂ. ಆದ್ರೆ ನಾನು ಹೋಗಲ್ಲ. ನನಗೆ ಕೆಲಸ ಇದೆ."

ಅವಳು ಫೋನ್ ಇಟ್ಟಳು. ನಾನು ನನ್ನದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೇಡಂ ಕೇಳಿಯೂ ಕೇಳದವರ ಹಾಗೆ ಗೋಡೆಯ ಗಡಿಯಾರ ನೋಡಿದರು.

"ಹನ್ನೊಂದಕ್ಕೆ ಬರೋರಿಗೆ ಏನು ಹೇಳಲಿ?"

"ಅದು ನೀವು ಹೇಳಬೇಕಾದ್ದು ಮೇಡಂ. ನಾನು ಹೇಳೋದು ಹೇಳಿ ಆಯ್ತು."

ಅವರ ತುಟಿಯ ಒಂದು ಕೊನೆ ಮೇಲೆ ಹೋಯಿತು. ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ನಡೆಯುತ್ತ, "ಹಲೋ, ಇವತ್ತು ಬರೋದು ಬೇಡ... ಇಲ್ಲ, ನಮ್ಮವರೇ ಒಬ್ಬರು ನೋಡ್ಕೋತಾರೆ" ಎಂದರು. ಇಳಿಯುವ ಮುಂಚೆ ತಿರುಗಿ, "ಆ ಡಿಸ್ಕಿಗೆ ಒಂದು ಅರ್ಜಿ ಬರೆದುಕೊಡಿ. ಉಸ್ತುವಾರಿ ಅಂತ ಸಹಿ ಹಾಕಿ" ಎಂದರು.

ಖುಷಿಯಾಗಬೇಕಿತ್ತು. ಸೊಂಟಕ್ಕೆ ಸಿಕ್ಕಿಸಿದ ಫೋನು ಆಗಲೇ ಅದುರತೊಡಗಿತು. ಇವರ ನಂಬರು. ಸುದ್ದಿ ಡಿಪೋವರೆಗೂ ಹೋಗಿದೆ. ಸಂಜೆ ಮನೆಯಲ್ಲಿ ಮಾತಿರುತ್ತದೆ, ಅತ್ತೆ ಯಾರ ಕಡೆಯೋ ತಿಳಿಯದು, ಹುಡುಗಿ ಅಲ್ಲಿ ಅಳುತ್ತಿರುತ್ತಾಳೆ. ಫೋನು ನಿಂತು ಮತ್ತೆ ಶುರುವಾಯಿತು.

ಒಳಗೆ ನಾಲ್ಕನೇ ಮೇಜಿನ ಹುಡುಗಿ ಎದ್ದು ನಿಂತು ಕೈ ಎತ್ತಿದ್ದಳು. "ಮೇಡಂ, ನಂದು ಪಾಸ್‌ವರ್ಡ್ ಕೇಳ್ತಿದೆ, ಏನು ಹಾಕಲಿ?" ಹೊಸಬಳು, ನನ್ನ ಅಡ್ಡಹೆಸರು ಅವಳಿಗಿನ್ನೂ ಗೊತ್ತಿಲ್ಲ.

"ಬಂದೆ, ಏನೂ ಒತ್ತಬೇಡ" ಎಂದು ಒಳಗೆ ಹೋದೆ.